ನಿಷ್ಠೆ ಯಾರದು? ಒಂದು ಕ್ರೈಸ್ತ ಕೀರ್ತನೆಯ ವಿಮರ್ಶೆ

ಭಕ್ತಿಗೀತೆಯೊಂದು ಭಾಷೆಯಿಂದ ಭಾಷೆಗೆ ಸಾಗುವಾಗ ರಾಗವು ಸುಲಭವಾಗಿ ದಾಟುತ್ತದೆ. ಭಾವವು ಹಾಗೆ ದಾಟುವುದಿಲ್ಲ. ಕೋಳಿ ಬೆಸ್ತರು, ಗುಜರಾತಿನ ಕುಂಬಾರರು, ತಮಿಳುನಾಡಿನ ಚರ್ಮದ ಕೆಲಸಗಾರರು, ಉತ್ತರ ಕರ್ನಾಟಕದ ಕೂಲಿಕಾರರು ಒಟ್ಟಿಗೆ ಬಾಳುವ ಧಾರಾವಿಯಂಥ ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ‘ಗ್ರೇಟ್ ಈಸ್ ದೈ ಫೇತ್‌ಫುಲ್‌ನೆಸ್’ ಎಂಬ ಇಂಗ್ಲಿಷ್ ಕೀರ್ತನೆಯನ್ನು ಪರಿಶೀಲಿಸಿದರೆ ಈ ಮಾತು ವಿಶದವಾಗುತ್ತದೆ.

ಇದರ ಕರ್ತೃವಾದ ಥಾಮಸ್ ಚಿಶಮ್ 1866ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜನಿಸಿದನು. ಉಪಾಧ್ಯಾಯ, ವಾರಪತ್ರಿಕೆಯ ಸಂಪಾದಕ, ಅಲ್ಪಕಾಲ ಮೆಥಡಿಸ್ಟ್ ಪಾದ್ರಿ. ಆರೋಗ್ಯ ಕೆಟ್ಟುದರಿಂದ ಆ ವೃತ್ತಿಯನ್ನು ಬಿಟ್ಟು ವಿಮೆಯ ಏಜಂಟನಾದನು. 1923ರಲ್ಲಿ ಪ್ರಕಟವಾದ ಈ ಗೀತೆಗೆ ವಿಲಿಯಂ ರನ್ಯನ್ ಸ್ವರ ಹಾಕಿದನು. 1954ರ ಬಿಲ್ಲಿ ಗ್ರಹಾಂ ಸಭೆಗಳಿಂದ ಅದು ಬ್ರಿಟನ್ನಿನಲ್ಲಿ ಜನಪ್ರಿಯವಾಯಿತು. ಕವಿ 1960ರಲ್ಲಿ ತೀರಿಕೊಂಡನು.

ಗೀತೆಯ ಮೂಲವು ಹಳೆಯ ಒಡಂಬಡಿಕೆಯ ‘ಪ್ರಲಾಪಗಳು’ ಗ್ರಂಥದ ಮೂರನೆಯ ಅಧ್ಯಾಯ. ಅಲ್ಲಿಯ ‘ಎಮುನಾ’ ಎಂಬ ಹೀಬ್ರೂ ಶಬ್ದಕ್ಕೆ ಅಲುಗದಿರುವುದು, ಆತುಕೊಳ್ಳಲು ಯೋಗ್ಯವಾಗಿರುವುದು ಎಂದು ಅರ್ಥ. ‘ಆಮೆನ್’ ಎಂಬುದೂ ಅದೇ ಧಾತುವಿನದು. ಇದನ್ನು ‘ನಿಷ್ಠೆ’ ಎಂದು ಕನ್ನಡಿಸಿದರೆ ತೊಡಕು ಹುಟ್ಟುತ್ತದೆ. ಷಟ್‌ಸ್ಥಲ ಸಿದ್ಧಾಂತದಲ್ಲಿ ನಿಷ್ಠೆಯು ಮಾಹೇಶ್ವರಸ್ಥಲದ ಲಕ್ಷಣ, ಅರ್ಥಾತ್ ಭಕ್ತನ ಗುಣ. ಚಿಶಮ್‌ನ ಗೀತೆಯಲ್ಲಾದರೋ ಅದು ದೇವರ ಗುಣ. ಭಕ್ತನು ಅದನ್ನು ಸ್ವೀಕರಿಸುವವನು ಮಾತ್ರ. ‘ಸತ್ಯಸಂಧತೆ’ ಎಂಬ ಪದವು ಕೊಟ್ಟ ಮಾತಿಗೆ ತಪ್ಪದ ಗುಣವನ್ನು ಸೂಚಿಸುವುದರಿಂದ ಇಲ್ಲಿ ಹೆಚ್ಚು ಒಪ್ಪುತ್ತದೆ.

ಛಂದಸ್ಸಿನ ಪ್ರಶ್ನೆಯೂ ಉಂಟು. ಮೂಲದ ನಡೆ ಮೂರೆಣಿಕೆಯದು. ಇಂಗ್ಲಿಷಿನ ಒತ್ತಿಗೆ ಕನ್ನಡದ ಅಕ್ಷರಗಳನ್ನು ಹೊಂದಿಸಲು ಹೊರಟರೆ ಗುರುಲಘುಗಳು ಕೆಡುತ್ತವೆ. ಉತ್ಸಾಹ ರಗಳೆಯ ಮೂರು ಮಾತ್ರೆಯ ಗಣಗಳಾದರೆ ಆ ರಾಗಕ್ಕೆ ಸಹಜವಾಗಿ ಒದಗುತ್ತವೆ. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿದ ಕಿಟೆಲರು ಈ ದಾರಿಯನ್ನು ಆಗಲೇ ತೋರಿಸಿದ್ದರು.

ಆದರೆ ಗೀತೆಯ ನಿಜವಾದ ಕೊರತೆ ಬೇರೆಡೆ ಇದೆ. ‘ಪ್ರಲಾಪಗಳು’ ಹಾಳಾದ ಜೆರೂಸಲೇಮನ್ನು ಕುರಿತ ಶೋಕಕಾವ್ಯ. ಅದರ ಭರವಸೆಯ ಮಾತು ಬೂದಿಯ ನಡುವೆ ಮೂಡುತ್ತದೆ. ಚಿಶಮ್ ಭರವಸೆಯನ್ನು ಆಯ್ದುಕೊಂಡು ಬೂದಿಯನ್ನು ಬಿಟ್ಟನು. ಅದರ ಬದಲು ಋತುಗಳನ್ನೂ ಸುಗ್ಗಿಯನ್ನೂ ಗ್ರಹತಾರೆಗಳನ್ನೂ ಸಾಕ್ಷಿಗೆ ಕರೆದನು. ಹೊಲವುಳ್ಳವನಿಗೆ ಈ ಸಾಕ್ಷ್ಯ ಸಾಕಾದೀತು. 2005ರ ಜುಲೈ 26ರಂದು ಸಾಂತಾಕ್ರೂಜ಼ಿನಲ್ಲಿ 944 ಮಿಲಿಮೀಟರು ಮಳೆ ಸುರಿದು, ಧಾರಾವಿಯ ಅಂಚಿನ ಮೀಠಿ ನದಿ ಉಕ್ಕಿತು. ಅಂಥ ನೆರೆಯನ್ನು ಕಂಡವನಿಗೆ ಋತುಚಕ್ರವು ದೇವರ ಪರವಾಗಿ ನಿಸ್ಸಂದೇಹವಾದ ಸಾಕ್ಷಿಯಾಗಲಾರದು.

ಇಷ್ಟಾದರೂ ಗೀತೆಯ ಪಲ್ಲವಿ ಸೋಲುವುದಿಲ್ಲ. ಕರುಣೆಯು ಒಮ್ಮೆಲೇ ರಾಶಿಯಾಗಿ ದೊರೆಯದೆ ಬೆಳಗು ಬೆಳಗಿಗೂ ಹೊಸದಾಗಿ ಬರುತ್ತದೆಂಬುದು ಅದರ ತಿರುಳು. ಅಂದಂದಿನ ದುಡಿಮೆಯಿಂದ ಅಂದಂದಿನ ಅನ್ನವನ್ನು ಕಾಣುವವರಿಗೆ ಇದಕ್ಕಿಂತ ಹತ್ತಿರದ ಅಳತೆ ಇಲ್ಲ. ಕನ್ನಡದ ಅನುವಾದಕನು ಋತುವರ್ಣನೆಯನ್ನು ಹಗುರಗೊಳಿಸಿ, ಮೂಲಗ್ರಂಥದ ಅಳಲಿನ ಒಂದು ನುಡಿಯನ್ನು ಮೊದಲಿಗೆ ಸೇರಿಸಿದರೆ, ಪಲ್ಲವಿಯ ಸಮಾಧಾನವು ಅಗ್ಗದ ಸಮಾಧಾನವಾಗದೆ ಅನುಭವದಿಂದ ಗಳಿಸಿದ ಮಾತಾಗಿ ನಿಲ್ಲುವುದು.