ಸ್ಥಳಬದ್ಧ ಪ್ರೇತದ ಕಲ್ಪನೆ ಮತ್ತು ‘ಕೆರೆಗೆ ಹಾರ’

ರಾಜೂರ, ಗಜೇಂದ್ರಗಡ, ರೋಣಗಳನ್ನೊಳಗೊಂಡ ಮಳೆ ಕಡಿಮೆಯ ಸೀಮೆಯಲ್ಲಿ ಕೆರೆಗೆ ನೀರು ಬರುವುದು ಊರಿನ ಅಳಿವು-ಉಳಿವಿನ ಮಾತು. ಇಂತಹ ನೆಲದ ಆತಂಕದಿಂದಲೇ ಹುಟ್ಟಿದ ಕಥನಗೀತೆ ‘ಕೆರೆಗೆ ಹಾರ’. ಕೆರೆಗೆ ಬಲಿಯಾದ ಭಾಗೀರತಿಯನ್ನು ತ್ಯಾಗಮೂರ್ತಿಯೆಂದು ಕೊಂಡಾಡುವ ರೂಢಿ ಹಳೆಯದು. ಅವಳು ಅದೇ ನೀರಿನಲ್ಲಿ ನೆಲೆನಿಂತ ಪ್ರೇತವೇಕೆ ಆಗಲಿಲ್ಲವೆಂಬ ಪ್ರಶ್ನೆಯನ್ನು ಎತ್ತಿದವರು ವಿರಳ.

ಈ ಪ್ರಶ್ನೆಗೆ ಜಪಾನಿನ ಜಾನಪದ ಒಂದು ಹೋಲಿಕೆಯನ್ನು ಒದಗಿಸುತ್ತದೆ. ಸತ್ತ ಸ್ಥಳಕ್ಕೇ ಕಟ್ಟುಬಿದ್ದ ಪ್ರೇತವನ್ನು ಅಲ್ಲಿ ‘ಜಿಬಾಕುರೇ’ ಎನ್ನುತ್ತಾರೆ. ಪದವೇನೋ ಆಧುನಿಕ ಕಾಲದ್ದು. 1956ರ ‘ಯೋಕೈ ದಂಗಿ’ಯಲ್ಲಿ ಯಾನಗಿತ ಕುನಿಓ ಅವರು ಯೋಕೈಗಳು ಸ್ಥಳಕ್ಕೆ ಅಂಟಿಕೊಂಡವು, ಪ್ರೇತಗಳು ವ್ಯಕ್ತಿಯನ್ನು ಅರಸಿ ಬರುವಂಥವು ಎಂದು ಭೇದ ಮಾಡಿದ್ದಾರೆ. ಹಿಮೇಜಿ ಕೋಟೆಯ ಬಾವಿಯಲ್ಲಿ ತಟ್ಟೆ ಎಣಿಸುವ ಒಕಿಕುವಿನ ಕಥೆ ಈ ಭೇದಕ್ಕೆ ಸಿಗುವುದಿಲ್ಲ. ಅವಳು ಪ್ರೇತವೂ ಹೌದು, ಬಾವಿಯವಳೂ ಹೌದು.

ಭಾಗೀರತಿಗೆ ಇನ್ನೂ ಹತ್ತಿರದವಳು ಮಾರುಓಕ ಕೋಟೆಯ ಒಶಿಜು. ಮಗನನ್ನು ಸಮುರಾಯಿಯಾಗಿಸುವ ಭರವಸೆಯ ಮೇಲೆ ಈ ಒಕ್ಕಣ್ಣಿನ ವಿಧವೆ ಕೋಟೆಯ ಕಟ್ಟಡಕ್ಕೆ ಬಲಿಯಾದಳು, ಮಾತು ಈಡೇರಲಿಲ್ಲ. ವಸಂತದ ಮಳೆಗೆ ಕಂದಕ ಉಕ್ಕಿದಾಗ ಅದನ್ನು ಅವಳ ಕಣ್ಣೀರೆಂದು ಜನ ಹೇಳುತ್ತಿದ್ದರು. ಇಲ್ಲಿ ನೀರೇ ದೂರನ್ನು ಹೊತ್ತಿದೆ.

ಕನ್ನಡದ ಗೀತೆಯಲ್ಲಿ ನೀರು ದೂರು ಹೇಳುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿ ಸೊಸೆಯನ್ನು ಮುಳುಗಿಸಿ ತುಂಬಿಕೊಳ್ಳುತ್ತದೆ, ಅಷ್ಟೇ. ತವರಿಗೆ ಹೋದ ಭಾಗೀರತಿ ತಂದೆತಾಯಿಗೆ ಬೇರೆಯದೇ ಕಾರಣ ಹೇಳಿ, ತನ್ನನ್ನು ಕೆರೆಗೆ ಕೊಡಲಿರುವ ನಿಜವನ್ನು ಗೆಳತಿಗೆ ಮಾತ್ರ ಬಿಚ್ಚಿಡುತ್ತಾಳೆ. ಗೆಳತಿ ಸಮಾಧಾನಕ್ಕೆ ಹೇಳುವ ಮಾತೂ ವಿಧಿಗೆ ತಲೆಬಾಗುವ ಮಾತೇ. ದಂಡಿನಲ್ಲಿ ಕೆಟ್ಟ ಕನಸು ಕಂಡು ಮರಳಿದ ಮಾದೇವರಾಯನಿಗೆ ಮನೆಯವರು ತವರಿನ ದಾರಿ ತೋರಿಸುತ್ತಾರೆ, ತವರಿನವರು ಗೆಳತಿಯ ಮನೆಯ ದಾರಿ. ಕೊನೆಗೆ ನಿಜ ನುಡಿಯುವವಳು ಆ ಗೆಳತಿಯೇ. ಅನ್ಯ ಪರಂಪರೆಯಲ್ಲಿ ಪ್ರೇತ ಮಾಡಬೇಕಾದ ಕೆಲಸವನ್ನು ಇಲ್ಲಿ ಬದುಕಿರುವ ಹೆಣ್ಣೊಬ್ಬಳು ಮಾಡಿದ್ದಾಳೆ. ಗರತಿಯರ ನಡುವೆ ಬೆಳೆದ ಹಾಡಿನಲ್ಲಿ ಇದು ಆಕಸ್ಮಿಕವೆನ್ನಲಾಗದು.

ಆದ್ದರಿಂದ ಭಾಗೀರತಿಯನ್ನು ತ್ಯಾಗಮೂರ್ತಿಯೆಂದಷ್ಟೇ ಓದುವವರು ಗೆಳತಿಯ ಪಾತ್ರವನ್ನು ಬಿಟ್ಟುಬಿಟ್ಟಿದ್ದಾರೆ. ಹಾಡು ತ್ಯಾಗಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಕೆರೆ ತುಂಬಿದಲ್ಲಿಗೇ ಮುಗಿಯಬಹುದಿತ್ತು. ಅದು ಮುಗಿಯುವುದು ಮಾದೇವರಾಯ ಅದೇ ಕೆರೆಗೆ ಹಾರಿದಲ್ಲಿ.