ಬೇರೆ ರೋಗಿಗಾಗಿ ಮಾಡಿದ ಅಳತೆಗೋಲು

ಶಿಲೀಂಧ್ರ ಸೋಂಕು ದೇಹದ ಒಳಭಾಗಕ್ಕೆ ಹಬ್ಬಿದೆಯೇ ಎಂಬುದನ್ನು ಸಂಶೋಧಕರು ಒಂದೇ ರೀತಿ ತೀರ್ಮಾನಿಸಬೇಕೆಂದು ಯೂರೋಪಿನ ಮತ್ತು ಅಮೆರಿಕದ ತಜ್ಞರ ತಂಡಗಳು 2002ರಲ್ಲಿ ಜಂಟಿಯಾಗಿ ಒಂದು ವ್ಯಾಖ್ಯೆಯನ್ನು ಪ್ರಕಟಿಸಿದವು. 2008ರಲ್ಲಿ ಮತ್ತು 2020ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ರೋಗವನ್ನು ‘ಖಚಿತ’, ‘ಬಹುಸಂಭವ’, ‘ಸಾಧ್ಯ’ ಎಂದು ವಿಂಗಡಿಸಿ, ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಹೋಲಿಸಲು ದಾರಿ ಮಾಡಿಕೊಟ್ಟದ್ದು ಇದರ ಹೆಗ್ಗಳಿಕೆ. ಆದರೆ ಮೂತ್ರಪಿಂಡ, ಯಕೃತ್ತು, ಶ್ವಾಸಕೋಶಗಳ ಕಸಿ ಮಾಡಿಸಿಕೊಂಡವರಿಗೆ ಇದು ಎಷ್ಟರಮಟ್ಟಿಗೆ ಹೊಂದುತ್ತದೆ?

ಮೊದಲ ವ್ಯಾಖ್ಯೆ ಸಿದ್ಧವಾದದ್ದು ಕ್ಯಾನ್ಸರ್ ರೋಗಿಗಳನ್ನು ಮತ್ತು ರಕ್ತದ ಆಕರಕೋಶಗಳ ಕಸಿಯಾದವರನ್ನು ಗಮನದಲ್ಲಿಟ್ಟುಕೊಂಡು. ಇಂಥವರಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಹಲವು ವೇಳೆ ತೀರ ಕಡಿಮೆಯಾಗಿರುತ್ತವೆ. ಆಗ ಆಸ್ಪರ್ಜಿಲಸ್ ಶಿಲೀಂಧ್ರ ರಕ್ತನಾಳಗಳಿಗೆ ನುಗ್ಗುತ್ತದೆ. ಅದರ ಕೋಶಭಿತ್ತಿಯ ಗ್ಯಾಲಕ್ಟೊಮನ್ನಾನ್ ರಕ್ತದಲ್ಲಿ ಪತ್ತೆಯಾಗುತ್ತದೆ. ಅಂಗ ಕಸಿಯಾದವರಿಗೆ ಕೊಡುವ ಟ್ಯಾಕ್ರೊಲಿಮಸ್ ಮುಖ್ಯವಾಗಿ ಟಿ-ಕೋಶಗಳನ್ನು ಹತ್ತಿಕ್ಕುತ್ತದೆ. ನ್ಯೂಟ್ರೊಫಿಲ್‌ಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಹೀಗಾಗಿ ರೋಗವಿದ್ದರೂ ರಕ್ತದಲ್ಲಿ ಸುಳಿವು ಸಿಗದೆ ಹೋಗಬಹುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಈ ಪರೀಕ್ಷೆಯ ಸಂವೇದನಶೀಲತೆ ರಕ್ತಸಂಬಂಧಿ ಕ್ಯಾನ್ಸರ್ ರೋಗಿಗಳಲ್ಲಿ ಶೇ. 70, ಅಂಗ ಕಸಿಯಾದವರಲ್ಲಿ ಬರೀ ಶೇ. 22. ಎಂದರೆ ಸೋಂಕಿದ್ದ ನೂರು ಮಂದಿಯಲ್ಲಿ 78 ಮಂದಿಗೆ ‘ಇಲ್ಲ’ ಎಂಬ ತಪ್ಪು ಉತ್ತರ! ಶ್ವಾಸನಾಳಗಳನ್ನು ತೊಳೆದು ತೆಗೆದ ದ್ರವದ ಪರೀಕ್ಷೆ ಇವರಿಗೆ ಹೆಚ್ಚು ಉಪಯುಕ್ತ.

2020ರ ಪರಿಷ್ಕರಣೆ ಅಂಗ ಕಸಿಯನ್ನು ಅಪಾಯದ ಅಂಶವಾಗಿ ಹೆಸರಿಸಿ, ಸಿ.ಟಿ. ಚಿತ್ರದ ಲಕ್ಷಣಗಳನ್ನೂ ವಿಸ್ತರಿಸಿತು. ಇದು ಸ್ವಾಗತಾರ್ಹ. ಆದರೂ ಇದು ಸಂಶೋಧನೆಗಾಗಿ ಮಾಡಿದ ವರ್ಗೀಕರಣ. ‘ಬಹುಸಂಭವ’ ಎಂಬ ಪಟ್ಟಿಗೆ ಸೇರಲಿಲ್ಲವೆಂದು ಚಿಕಿತ್ಸೆಯನ್ನು ತಡೆಹಿಡಿದರೆ ರೋಗಿಗೆ ಅಪಾಯ. ಮ್ಯೂಕರ್ ಗುಂಪಿನ ಶಿಲೀಂಧ್ರಗಳನ್ನಂತೂ ಗ್ಯಾಲಕ್ಟೊಮನ್ನಾನ್ ಪರೀಕ್ಷೆ ಗುರುತಿಸುವುದೇ ಇಲ್ಲ. ಅಲ್ಲಿ ಊತಕದ ತುಣುಕನ್ನೇ ಪರೀಕ್ಷಿಸಬೇಕು.

ಚಿಕಿತ್ಸೆಯಲ್ಲೂ ಇದೇ ಎರವಲು. ಆಸ್ಪರ್ಜಿಲಸ್ ಸೋಂಕಿನ ಕುರಿತ 2002ರ ಪ್ರಸಿದ್ಧ ಪ್ರಯೋಗದಲ್ಲಿ ಹನ್ನೆರಡು ವಾರಗಳ ನಂತರ ಬದುಕುಳಿದವರು ವೊರಿಕೊನಜೋಲ್ ಪಡೆದವರಲ್ಲಿ ಶೇ. 70.8, ಆಂಫೊಟೆರಿಸಿನ್-ಬಿ ಪಡೆದವರಲ್ಲಿ ಶೇ. 57.9. ಅವರಲ್ಲಿ ಹೆಚ್ಚಿನವರು ರಕ್ತಸಂಬಂಧಿ ರೋಗಗಳಿದ್ದವರೇ. ಅಂಗ ಕಸಿಯಾದವರಿಗೆ ಇನ್ನೊಂದು ತೊಡಕಿದೆ. ಟ್ಯಾಕ್ರೊಲಿಮಸನ್ನು ವಿಭಜಿಸುವ ಯಕೃತ್ತಿನ ಕಿಣ್ವವನ್ನು ವೊರಿಕೊನಜೋಲ್ ತಡೆಯುತ್ತದೆ. ಆದ್ದರಿಂದ ಟ್ಯಾಕ್ರೊಲಿಮಸ್ ಪ್ರಮಾಣವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ, ರಕ್ತದಲ್ಲಿನ ಮಟ್ಟವನ್ನು ಮತ್ತೆ ಮತ್ತೆ ಅಳೆಯಬೇಕು. ಇಳಿಸದಿದ್ದರೆ ಮೂತ್ರಪಿಂಡಕ್ಕೆ ಹಾನಿ; ವೊರಿಕೊನಜೋಲ್ ನಿಲ್ಲಿಸಿದ ಮೇಲೆ ಏರಿಸದಿದ್ದರೆ ಕಸಿಯ ಅಂಗವನ್ನೇ ದೇಹ ತಿರಸ್ಕರಿಸೀತು.

ಪರೀಕ್ಷೆಯೊಂದರ ಸಂವೇದನಶೀಲತೆ ಆ ಪರೀಕ್ಷೆಗೆ ಅಂಟಿಕೊಂಡ ಸ್ಥಿರಾಂಕವಲ್ಲ. ಅದನ್ನು ಯಾರ ಮೇಲೆ ಅಳೆಯಲಾಯಿತು ಎಂಬುದನ್ನೂ ವಿದ್ಯಾರ್ಥಿಗಳು ಕೇಳಬೇಕು.