ಕಡಲ ತಡಿಯ ದೋಣಿಗೆ ಚಳಿನಾಡಿನ ಹೊದಿಕೆ

ಪತ್ತನಾಜೆ ಕಳೆಯಿತೆಂದರೆ ತುಳುನಾಡು ಮಳೆಗೆ ಸಿದ್ಧವಾಗತೊಡಗುತ್ತದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ. ನಮ್ಮ ವಾಮದಪದವಿನ ಸುತ್ತಮುತ್ತ ಕಟ್ಟಿಗೆ ರಾಶಿ, ಬೈಹುಲ್ಲಿನ ಮೆದೆ ಎಲ್ಲವೂ ಟರ್ಪಾಲಿನ ಅಡಿಗೆ ಹೋಗುತ್ತವೆ. ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ ಕಟ್ಟುವ ಕೆಲಸ ಭರದಿಂದ ನಡೆದಿರುತ್ತದೆ. ಇಲ್ಲಿಂದ ಪಡುವಣಕ್ಕೆ ಹೋದರೆ ಮಂಗಳೂರಿನ ದಕ್ಕೆ. ಅಲ್ಲಿ ಜೂನ್ 1ಕ್ಕೆ ಯಾಂತ್ರಿಕ ಬೋಟುಗಳೆಲ್ಲ ಹಗ್ಗ ಬಿಗಿದು ನಿಂತುಬಿಡುತ್ತವೆ. ಜುಲೈ 31ರ ತನಕ, ಒಟ್ಟು 61 ದಿನ, ಅವು ಕಡಲಿಗೆ ಇಳಿಯುವಂತಿಲ್ಲ. ತಂಡೇಲರೂ ಕಲಾಸಿಗಳೂ ಊರಿಗೆ ಹೋದ ಮೇಲೆ ಬೋಟನ್ನು ಕಾಯುವುದು ಮಾಲೀಕ ಹೊದಿಸಿದ ಹೊದಿಕೆಯೊಂದೇ.

ಈ ಹೊದಿಕೆಯನ್ನು ಒಂದು ಕಸುಬೆಂದು ಯಾರೂ ಗಂಭೀರವಾಗಿ ನೋಡಿದಂತಿಲ್ಲ. ಬೋಟು ಕಟ್ಟುವ ಆಚಾರಿಯ ಕೈಚಳಕವನ್ನು ಹೊಗಳುತ್ತೇವೆ, ಎಂಜಿನಿನ ಅಶ್ವಶಕ್ತಿಯ ಲೆಕ್ಕ ಕೇಳುತ್ತೇವೆ. ಎರಡು ತಿಂಗಳ ಜಡಿಮಳೆಯಲ್ಲಿ ಅದೇ ಬೋಟನ್ನು ಏನಿಂದ, ಹೇಗೆ ಮುಚ್ಚಿದರು ಎಂಬುದು ಮಾತ್ರ ಚರ್ಚೆಗೆ ಬರುವುದಿಲ್ಲ. ಬೋಟಿನ ಆಯುಷ್ಯದ ದೊಡ್ಡ ಪಾಲು ತೀರ್ಮಾನವಾಗುವುದು ಅದು ಕಡಲಲ್ಲಿ ಓಡುವಾಗಲ್ಲ, ಹೀಗೆ ಸುಮ್ಮನೆ ನಿಂತಿರುವಾಗ ಎಂಬುದು ನನ್ನ ನಂಬಿಕೆ. ಆದ್ದರಿಂದಲೇ ಚಳಿನಾಡುಗಳಲ್ಲಿ ಹೆಸರು ಮಾಡಿರುವ ಶ್ರಿಂಕ್ ರ್‍ಯಾಪ್ ಎಂಬ ಹೊದಿಕೆಯನ್ನು ನಮ್ಮ ಮಳೆಗಾಲದ ಎದುರು ನಿಲ್ಲಿಸಿ ನೋಡಬೇಕೆನಿಸಿತು.

ಅಮೆರಿಕದ ಮಿಷಿಗನ್, ಮೇಯ್ನ್‌ನಂಥ ರಾಜ್ಯಗಳಲ್ಲೂ ಕೆನಡಾದಲ್ಲೂ ಚಳಿಗಾಲಕ್ಕೆ ಮೊದಲು ದೋಣಿಗಳನ್ನು ನೀರಿನಿಂದ ಎತ್ತಿ ದಡದಲ್ಲಿ ಆನಿಸಿ ನಿಲ್ಲಿಸುತ್ತಾರೆ. ದೋಣಿಯ ಉದ್ದಕ್ಕೆ ಅಲ್ಲಲ್ಲಿ ಮರದ ಗೂಟ ನೆಟ್ಟು, ಅವುಗಳ ತಲೆಯ ಮೇಲೆ ಪಟ್ಟಿ ಎಳೆದು, ಮನೆಯ ಮೋಂಟಿನ ಹಾಗೆ ಎತ್ತರದ ಗೆರೆಯೊಂದನ್ನು ಮಾಡಿಕೊಳ್ಳುತ್ತಾರೆ. ದೋಣಿಯ ಅಂಚಿನಿಂದ ಕೆಳಗೆ ಸುತ್ತಲೂ ಇನ್ನೊಂದು ಪಟ್ಟಿ ಬಿಗಿಯುತ್ತಾರೆ. ಅದರ ಮೇಲೆ ಪಾಲಿಥಿನ್ ಹಾಳೆ. ದಪ್ಪ ಸುಮಾರು 150ರಿಂದ 200 ಮೈಕ್ರಾನ್. ಹಾಳೆಯ ಅಂಚನ್ನು ಕೆಳಗಿನ ಪಟ್ಟಿಗೆ ಮಡಚಿ, ಬಿಸಿಯಿಂದ ಬೆಸೆದು, ಆಮೇಲೆ ಗ್ಯಾಸಿನ ಬೆಂಕಿಯಿಂದ ಬಿಸಿಗಾಳಿ ಉಗುಳುವ ಉಪಕರಣವನ್ನು ಹಾಳೆಯ ಮೇಲೆಲ್ಲ ಆಡಿಸುತ್ತಾರೆ. ಹಾಳೆ ಕುಗ್ಗಿ ಬಿಗಿಯಾಗಿ, ಒಂದು ಸುಕ್ಕೂ ಇಲ್ಲದೆ ಇಡೀ ದೋಣಿಯನ್ನು ಅಪ್ಪಿಕೊಳ್ಳುತ್ತದೆ. ಹಿಮ ಅದರ ಮೇಲೆ ನಿಲ್ಲದೆ ಜಾರುತ್ತದೆ, ಗಾಳಿಗೆ ಅದು ಪಟಪಟ ಬಡಿದುಕೊಳ್ಳುವುದಿಲ್ಲ. ಅನುಭವಸ್ಥರು ಮೇಲ್ಭಾಗದಲ್ಲಿ ಗಾಳಿಕಿಂಡಿಗಳನ್ನೂ ಒಳಗೆ ಹೋಗಿಬರಲು ಜಿಪ್ಪಿನ ಬಾಗಿಲನ್ನೂ ಇಡುತ್ತಾರೆ. ವಸಂತ ಬಂದಾಗ ಚೂರಿಯಿಂದ ಸೀಳಿ ತೆಗೆದರಾಯಿತು, ಆ ಹಾಳೆಯ ಕೆಲಸ ಅಲ್ಲಿಗೆ ಮುಗಿಯಿತು.

ಕೆಲಸದ ಅಚ್ಚುಕಟ್ಟುತನವನ್ನು ಮೆಚ್ಚದೆ ಇರಲಾಗದು. ಅದರಲ್ಲೂ ಒಂದು ಅಂಶ ನಮಗೆ ಪಾಠವಾಗಬೇಕು. ಅವರು ಮೊದಲು ಚೌಕಟ್ಟು ಕಟ್ಟುತ್ತಾರೆ, ಹಾಳೆ ಬರುವುದು ಆಮೇಲೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದರ ತಿರುಗುಮುರುಗು. ನೀಲಿ ಟರ್ಪಾಲು ತಂದು ಬೋಟಿನ ಮೇಲೆ ಹರಡಿ, ಮೂಲೆಯ ಕಣ್ಣುಗಳಿಗೆ ಹಗ್ಗ ಕಟ್ಟಿ, ಸಿಕ್ಕಿದ ಕಡೆ ಬಿಗಿದುಬಿಡುತ್ತೇವೆ. ಮಧ್ಯದಲ್ಲಿ ಆಧಾರ ಇಲ್ಲದಲ್ಲಿ ಅದು ಜೋತುಬೀಳುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 100 ಲೀಟರ್, ಅಂದರೆ 100 ಕಿಲೋ. ಆಷಾಢದ ಒಂದು ರಾತ್ರಿಯ ಮಳೆಗೆ ಇಂಥ ನಾಲ್ಕು ಹೊಂಡಗಳಾದರೆ ಹಗ್ಗ ಕಿತ್ತು ಬರುತ್ತದೆ, ಇಲ್ಲವೇ ಟರ್ಪಾಲು ಸೀಳಿ ಅಷ್ಟೂ ನೀರು ಒಮ್ಮೆಗೇ ಬೋಟಿನ ಒಳಗೆ ಸುರಿಯುತ್ತದೆ. ಗಾಳಿಗೆ ಬಡಿದುಕೊಳ್ಳುವ ಅಂಚು ಬಣ್ಣವನ್ನು ತಿಕ್ಕಿ ತಿಕ್ಕಿ ಕೀಳುತ್ತದೆ. ಬಿಸಿಲಿಗೆ ಹಳತಾದ ಟರ್ಪಾಲು ಎಳೆ ಎಳೆಯಾಗಿ, ಚೂರು ಚೂರಾಗಿ ಉದುರುತ್ತದೆ, ಉದುರಿದ್ದೆಲ್ಲ ಅಳಿವೆಯ ಮೂಲಕ ಕಡಲಿಗೇ ಸೇರುತ್ತದೆ. ಇದನ್ನು ಹೊದಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಶ್ರಿಂಕ್ ರ್‍ಯಾಪ್ ನಮ್ಮ ದಕ್ಕೆಗೂ ಬರಲಿ ಎನ್ನಬಹುದೇ? ದೊಡ್ಡ ಯಂತ್ರಗಳನ್ನು ಸಾಗಿಸಲು ಕುಗ್ಗುವ ಪ್ಲಾಸ್ಟಿಕ್ ಸುತ್ತುವುದು ನಮಗೇನೂ ಹೊಸದಲ್ಲ. ಆದರೆ ಬೋಟಿನ ಮಟ್ಟಿಗೆ ನನ್ನ ಉತ್ತರ ಬೇಡ ಎಂದೇ. ಅದಕ್ಕೆ ಮುಖ್ಯ ಕಾರಣ ಖರ್ಚಲ್ಲ, ಹವೆ.

ಚಳಿನಾಡಿನಲ್ಲಿ ದೋಣಿಯ ವೈರಿ ಹಿಮದ ಭಾರ ಮತ್ತು ಹೆಪ್ಪುಗಟ್ಟುವ ನೀರು. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಸಂದಿಯೊಳಗೆ ಉಳಿದ ನೀರು ಹಾಗೆ ಹಿಗ್ಗಿದರೆ ಹಲಗೆಯನ್ನೂ ಎಂಜಿನನ್ನೂ ಬಿರುಕು ಬಿಡಿಸುತ್ತದೆ. ಅದನ್ನು ತಡೆಯುವುದಕ್ಕೆಂದೇ ಆ ಹೊದಿಕೆ ಹುಟ್ಟಿತು. ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಮರವನ್ನು ಕೊಳೆಸುವ ಶಿಲೀಂಧ್ರ ಆ ಚಳಿಯಲ್ಲಿ ಬೆಳೆಯುವುದೇ ಇಲ್ಲ. ಒಳಗೆ ಸ್ವಲ್ಪ ತೇವ ಉಳಿದರೂ ಶಿಲೀಂಧ್ರ ಮೈಮುರಿದು ಏಳುವಷ್ಟರಲ್ಲಿ ವಸಂತ ಬಂದು ಹಾಳೆಯನ್ನು ಸೀಳಿಯಾಗಿರುತ್ತದೆ. ನಮ್ಮಲ್ಲಿ ಬೋಟು ಮುಚ್ಚುವ ಕಾಲವೂ ಆ ಶಿಲೀಂಧ್ರ ಅತ್ಯಂತ ಚುರುಕಾಗಿರುವ ಕಾಲವೂ ಒಂದೇ. ಜೂನ್-ಜುಲೈಯಲ್ಲಿ ಕರಾವಳಿಯ ಉಷ್ಣತೆ 23ರಿಂದ 30 ಡಿಗ್ರಿಯ ನಡುವೆ ಆಡುತ್ತದೆ. ಶಿಲೀಂಧ್ರಕ್ಕೆ ಬೇಕಾದದ್ದು ಅಷ್ಟೇ ಬಿಸಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಆ ದಿನಗಳ ಗಾಳಿಯೇ ಒದ್ದೆ. ಮರದೊಳಗಿನ ತೇವ ಶೇ. 20ರ ಒಳಗಿದ್ದರೆ ಶಿಲೀಂಧ್ರಕ್ಕೆ ಅಲ್ಲಿ ನೆಲೆ ಸಿಗುವುದಿಲ್ಲ. ಕಡಲಿನಿಂದ ಈಗಷ್ಟೇ ಬಂದ ಬೋಟನ್ನು ಹಸಿಹಸಿಯಾಗಿಯೇ ಪ್ಲಾಸ್ಟಿಕ್ಕಿನೊಳಗೆ ಬೆಸೆದರೆ ಆ ತೇವ ಇಳಿಯಲು ದಾರಿಯೇ ಇಲ್ಲ. ಮೋಡ ಸರಿದು ಬಿಸಿಲು ಬಿದ್ದಾಗ ಒಳಗೆ ಹಬೆ ಏಳುತ್ತದೆ, ರಾತ್ರಿ ಅದೇ ಹನಿಯಾಗಿ ಹಲಗೆಯ ಮೇಲೆ ಬೀಳುತ್ತದೆ. ಕಬ್ಬಿಣದ ಬೋಟಾದರೆ ತುಕ್ಕು, ಮರದ ಬೋಟಾದರೆ ಕೊಳೆ. ಹೊರಗಿನಿಂದ ಬಿಳಿಯಾಗಿ, ಬಿಗಿಯಾಗಿ ಕಾಣುವ ಹೊದಿಕೆಯೊಳಗೆ ಮರ ಮೆತ್ತಗಾಗಿದ್ದು ತಿಳಿಯುವುದು ಆಗಸ್ಟಿನಲ್ಲಿ.

ಮಳೆನೀರಿನ ವಿಚಾರವೂ ಇಲ್ಲಿ ಸೇರುತ್ತದೆ. ಉಪ್ಪುನೀರಿಗಿಂತ ಸಿಹಿನೀರು ಮರವನ್ನು ಬೇಗ ಕೊಳೆಸುತ್ತದೆ. ಉಪ್ಪು ಶಿಲೀಂಧ್ರವನ್ನು ಹತ್ತಿಕ್ಕುವುದೇ ಇದಕ್ಕೆ ಕಾರಣ. ಮರವನ್ನು ಕೊರೆಯುವ ಹಡಗುಹುಳುವಿನ ಕಥೆ ಇದಕ್ಕೆ ವಿರುದ್ಧ. ಅದಕ್ಕೆ ಉಪ್ಪುನೀರೇ ಬೇಕು. ವೇಣೂರಿನ ಕಡೆಯಿಂದ ಬರುವ ಫಲ್ಗುಣಿ, ಬಂಟ್ವಾಳದ ನೇತ್ರಾವತಿ, ಎರಡೂ ಘಟ್ಟದ ನೀರನ್ನು ಹೊತ್ತು ಅಳಿವೆ ತುಂಬಿಸುವ ಆ ಎರಡು ತಿಂಗಳು ಅಲ್ಲಿನ ಉಪ್ಪು ತೀರಾ ಇಳಿದುಹೋಗುತ್ತದೆ. ಹೊಳೆಯಲ್ಲೇ ನಿಂತ ಬೋಟಿನ ತಳಕ್ಕೆ ಇದರಿಂದ ಹುಳುವಿನ ಕಾಟ ತಗ್ಗುತ್ತದೆ. ಅಪಾಯ ಇರುವುದು ಮೇಲಿನ ಭಾಗಕ್ಕೆ, ಮಳೆನೀರು ಇಳಿದು ನಿಲ್ಲುವ ಕಡೆಗೆ. ಹಿಂದಿನವರು ಹಲಗೆಗೆ ಬೂತಾಯಿಯ ಎಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ನೀರು ಮರದೊಳಗೆ ಇಳಿಯದಂತೆ ತಡೆಯುವುದರ ಜೊತೆಗೆ ಹುಳುವಿಗೂ ಅದು ರುಚಿಸದ ವಸ್ತು. ಗೇರು ಕಾರ್ಖಾನೆಗಳಿರುವ ಈ ಜಿಲ್ಲೆಯಲ್ಲಿ ಆ ಎಣ್ಣೆಗೆ ಬರವಿಲ್ಲ.

ನಮ್ಮ ಬೋಟುಗಳು ನಿಲ್ಲುವ ರೀತಿಯೂ ಬೇರೆ. ದಡಕ್ಕೆ ಎಳೆದು ದುರಸ್ತಿಗೆ ಹಾಕಿದವನ್ನು ಬಿಟ್ಟರೆ ಉಳಿದವು ನೀರಿನಲ್ಲೇ, ಒಂದಕ್ಕೊಂದು ಮೈ ತಾಗಿಸಿ ನಿಂತಿರುತ್ತವೆ. ನೆರೆ ಬಂದಾಗ ಹಗ್ಗ ನೋಡಬೇಕು, ತಳದಲ್ಲಿ ಸೇರಿದ ನೀರನ್ನು ಪಂಪು ಹಾಕಿ ತೆಗೆಯಬೇಕು. ಒಬ್ಬ ಮನುಷ್ಯ ಆಗಾಗ ಒಳಗೆ ಇಳಿಯಲೇಬೇಕು. ಯಾರೂ ಹತ್ತದ, ನೆಲದ ಮೇಲೆ ನಿಂತ ದೋಣಿಗೆಂದು ಹುಟ್ಟಿದ ಹೊದಿಕೆ ಇಂಥ ಕಡೆ ಅಡ್ಡಿಯಾಗುತ್ತದೆ. ಬೆಂಕಿಯ ಮಾತು ಇನ್ನೂ ಗಂಭೀರ. ಡೀಸೆಲ್ ಮತ್ತು ಬಲೆ ತುಂಬಿದ ಮರದ ಬೋಟುಗಳ ಸಾಲಿನಲ್ಲಿ ಗ್ಯಾಸಿನ ಜ್ವಾಲೆ ಹಿಡಿದು ಪ್ಲಾಸ್ಟಿಕ್ ಬಿಸಿ ಮಾಡುವುದನ್ನು ನಾನು ಊಹಿಸಲಾರೆ. 2023ರ ನವೆಂಬರಿನಲ್ಲಿ ಕುಂದಾಪುರ ತಾಲ್ಲೂಕಿನ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಬೋಟುಗಳಿಗೆ ಬೆಂಕಿ ತಗುಲಿ ಒಂದರಿಂದ ಒಂದಕ್ಕೆ ಹಬ್ಬಿ ಹಲವು ಬೋಟುಗಳು ಸುಟ್ಟವು. ಒತ್ತೊತ್ತಾಗಿ ನಿಂತ ಬೋಟುಗಳಲ್ಲಿ ಒಂದು ಕಿಡಿ ಎಷ್ಟು ದೂರ ಹೋಗಬಲ್ಲದೆಂದು ಕರಾವಳಿಯ ಎಲ್ಲರಿಗೂ ಅಂದೇ ಗೊತ್ತಾಗಿದೆ.

ಪ್ಲಾಸ್ಟಿಕ್ಕಿನ ತೂಕವನ್ನೂ ಹೇಳಿಬಿಡುತ್ತೇನೆ. 175 ಮೈಕ್ರಾನ್ ದಪ್ಪದ ಹಾಳೆ 60 ಚದರ ಮೀಟರ್ ಬೇಕಾಗುವ ಒಂದು ಸಾಧಾರಣ ದೋಣಿಗೆ ಸುಮಾರು 10 ಕಿಲೋ. ಆಳಸಮುದ್ರದ ಟ್ರಾಲ್ ಬೋಟಿಗೆ ಅದರ ಮೂರುಪಟ್ಟು ಎಂದಿಟ್ಟುಕೊಳ್ಳಿ. ಪ್ರತಿ ವರ್ಷ ಹೊಸದು, ಪ್ರತಿ ಆಗಸ್ಟಿನಲ್ಲಿ ಎಸೆಯುವಂಥದ್ದು. ಪಟ್ಟಿ, ಜಿಪ್ಪು, ಗಾಳಿಕಿಂಡಿಗಳನ್ನು ಕಿತ್ತು ತೆಗೆದರೆ ಮಾತ್ರ ಮರುಬಳಕೆಗೆ ಕೊಡಬಹುದು. ಆ ಕೆಲಸ ಮಾಡುವ ವ್ಯವಸ್ಥೆ ಚಳಿನಾಡುಗಳಲ್ಲೇ ಎಲ್ಲ ಕಡೆ ಇಲ್ಲ.

ಇಷ್ಟು ಹೇಳಿದ ಮೇಲೆ ಪ್ಲಾಸ್ಟಿಕ್ ಎಂಬ ಕಾರಣಕ್ಕೇ ಹೊದಿಕೆಯನ್ನು ತಳ್ಳಿಹಾಕುವವನು ನಾನಲ್ಲ. ನಮ್ಮ ತೋಟಗಳಲ್ಲೇ ಪ್ಲಾಸ್ಟಿಕ್ಕನ್ನು ಬಲ್ಲವರಂತೆ ಬಳಸಿದ ಉದಾಹರಣೆಗಳಿವೆ. ರಬ್ಬರ್ ಮರದ ರೈನ್‌ಗಾರ್ಡನ್ನೇ ನೋಡಿ. ಟ್ಯಾಪಿಂಗ್ ಮಾಡುವ ಗೆರೆಯಿಂದ ಸ್ವಲ್ಪ ಮೇಲೆ ತೊಗಟೆಯ ಒರಟನ್ನು ಹೆರೆದು, ಡಾಂಬರಿನಂಥ ಗಮ್ಮು ಬಳಿದು, ಪಾಲಿಥಿನನ್ನು ನೆರಿಗೆ ಹಿಡಿದು ಮರದ ಸುತ್ತ ಅಂಟಿಸಿ ಪಿನ್ನು ಹೊಡೆಯುತ್ತಾರೆ. ಮೇಲ್ಗಡೆ ಒಂದು ಹನಿಯೂ ಒಳಗೆ ಹೋಗಬಾರದು. ಕೆಳಗಡೆ ಪೂರ್ತಿ ತೆರೆದೇ ಇರುತ್ತದೆ. ಟ್ಯಾಪಿಂಗಿನವನು ನೆರಿಗೆ ಎತ್ತಿ ಗೀರಿ ಹೋಗುತ್ತಾನೆ, ಗಾಳಿ ಆಡುತ್ತದೆ, ಹಾಲು ಮಳೆನೀರಿನೊಂದಿಗೆ ಹರಿದುಹೋಗುವುದಿಲ್ಲ. ಅಷ್ಟಾದರೂ ಗೀರಿದ ಜಾಗ ಕೊಳೆಯದಂತೆ ಶಿಲೀಂಧ್ರನಾಶಕ ಬಳಿಯುವುದನ್ನು ಬೆಳೆಗಾರರು ಬಿಡುವುದಿಲ್ಲ. ಹೊದಿಸಿದ್ದರಿಂದ ತೇವ ಹೆಚ್ಚುತ್ತದೆಂಬ ಅರಿವು ಆ ಕ್ರಮದೊಳಗೇ ಇದೆ.

ಅಡಿಕೆಯದ್ದೂ ಅದೇ ಪಾಠ. ಕೊಳೆರೋಗದ ಬಗ್ಗೆ ಲೆಸ್ಲಿ ಕೋಲ್ಮನ್ ಮೈಸೂರಿನಲ್ಲಿ 1910ರಲ್ಲಿ ವರದಿ ಬರೆದು ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅದಕ್ಕೆ ಮೊದಲು ಮಲೆನಾಡಿನವರು ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಈಗ ಗೊನೆಗೆ ಪಾಲಿಥಿನ್ ಕೊಟ್ಟೆಯೂ ಒಂದು ಉಪಾಯ. ಕೊಟ್ಟೆ ಹುಲ್ಲಿನದಿರಲಿ, ಪ್ಲಾಸ್ಟಿಕ್ಕಿನದಿರಲಿ, ಅದರ ಬಾಯಿ ಕೆಳಗೆ ತೆರೆದೇ ಇರಬೇಕು. ಎರಡು ಕಡೆಯೂ ಕಟ್ಟಿದರೆ ಮಳೆಗಿಂತ ಮೊದಲೇ ಕೊಟ್ಟೆಯೇ ಕಾಯನ್ನು ಕೊಳೆಸೀತು.

ಈ ಅಳತೆಗೋಲಿನಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಮಡಲಿನ ಹೊದಿಕೆ. ತೆಂಗಿನ ಮಡಲನ್ನು ನೀರಿನಲ್ಲಿ ನೆನೆಹಾಕಿ, ಹೆಣೆದು, ಬಿದಿರಿನ ಚೌಕಟ್ಟಿಗೆ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಹತ್ತಿಸಿ ಕಟ್ಟುತ್ತಾ ಹೋಗುವುದು. ಇಳಿಜಾರು ಕಡಿದಾಗಿದ್ದರೆ ನೀರು ಎಲೆಯಿಂದ ಎಲೆಗೆ ಜಾರಿ ಹೊರಗೆ ಬೀಳುತ್ತದೆ, ಗಾಳಿ ಸಾವಿರ ಸಂದಿಗಳಲ್ಲಿ ಒಳಹೊರಗೆ ಓಡಾಡುತ್ತದೆ. ನೀರನ್ನು ಮಾತ್ರ ತಡೆದು ಗಾಳಿಯನ್ನು ಬಿಡುವ ಗುಣ ಇದಕ್ಕಿದೆ. ಆದರೆ ಇದನ್ನು ಹಳೆಯ ಕಾಲದ ಮೋಹದಿಂದ ಹೊಗಳಿ ಮುಗಿಸುವುದು ನ್ಯಾಯವಲ್ಲ. ಮಡಲು ಹೆಣೆಯುವ ಕೈಗಳು ಕಡಿಮೆಯಾಗಿವೆ. ಅದು ಒಂದೇ ಮಳೆಗಾಲಕ್ಕೆ ಬರುವಂಥದ್ದು. ದೊಡ್ಡ ಟ್ರಾಲ್ ಬೋಟಿಗೆ ಎಷ್ಟು ಮಡಲು ಬೇಕಾದೀತೆಂದು ಯೋಚಿಸಿದರೂ ಸಾಕು. ನಾಡದೋಣಿಗೆ, ಸಣ್ಣ ಮರದ ದೋಣಿಗೆ ಇವತ್ತಿಗೂ ಅದಕ್ಕಿಂತ ಒಳ್ಳೆಯದಿಲ್ಲ. ದೊಡ್ಡ ಬೋಟಿಗೆ ಅದರ ತತ್ವವನ್ನು ಉಳಿಸಿಕೊಂಡು ವಸ್ತುವನ್ನು ಬದಲಾಯಿಸಬೇಕಾಗುತ್ತದೆ.

ದಡಕ್ಕೆ ಎತ್ತಿಟ್ಟ, ಚೆನ್ನಾಗಿ ಒಣಗಿದ ಫೈಬರ್ ದೋಣಿಗೆ, ಗಾಳಿಕಿಂಡಿ ಧಾರಾಳವಾಗಿ ಇಟ್ಟು ಶ್ರಿಂಕ್ ರ್‍ಯಾಪ್ ಮಾಡಿದರೆ ನನ್ನ ತಕರಾರು ಕಡಿಮೆ. ಮೀನುಗಾರಿಕೆಯ ಮರದ ಬೋಟಿಗೆ, ಹೊಳೆಯಲ್ಲಿ ನಿಂತ ಕಬ್ಬಿಣದ ಬೋಟಿಗೆ ಅದು ಸಲ್ಲದು. ಅಲ್ಲಿಂದ ನಾವು ತಂದುಕೊಳ್ಳಬೇಕಾದದ್ದು ಮಧ್ಯದ ಎತ್ತರದ ಗೆರೆ, ಬಿಗಿಯಾದ ಎಳೆತ, ಬೋಟಿನ ಅಂಚಿನಿಂದ ಕೆಳಗೆ ಇಳಿದ ಸೆರಗು, ಈ ಮೂರನ್ನು. ಬಿಸಿಯ ಬೆಸುಗೆಯನ್ನೂ ಒಂದೇ ಋತುವಿನ ಪ್ಲಾಸ್ಟಿಕ್ಕನ್ನೂ ಅಲ್ಲಿಯೇ ಬಿಡುವುದು ಲೇಸು.

ಬೋಟಿನ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು. ಜೂನ್ 1ರ ಹೊತ್ತಿಗೆ ಟರ್ಪಾಲು ಕೊಳ್ಳುವ ಮೊದಲು ಬಿದಿರಿನದ್ದೋ ಪೈಪಿನದ್ದೋ ಚೌಕಟ್ಟು ಮಾಡಿಸಿ. ಅದು ಹಲವು ವರ್ಷ ಬರುತ್ತದೆ. ಬೋಟನ್ನು ತೊಳೆದು, ಒಂದೆರಡು ಬಿಸಿಲು ಕಾಣಿಸಿ, ತಳದ ನೀರನ್ನು ಪೂರ್ತಿ ತೆಗೆದು ಆಮೇಲೆ ಹೊದಿಸಿ. ಮುಚ್ಚಳಗಳನ್ನು ತೆರೆದಿಡಿ. ಟರ್ಪಾಲಿನ ಹಿಂದೂ ಮುಂದೂ ಮಳೆ ಬಡಿಯದಷ್ಟು ಸೆರಗು ಬಿಟ್ಟು, ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುವಂತೆ ಎರಡೂ ತುದಿಯನ್ನು ತೆರೆದು ಬಿಡಿ. ಸೀಳಿದ ಟರ್ಪಾಲನ್ನು ದಕ್ಕೆಯಲ್ಲೇ ಬಿಟ್ಟು ಹೋಗಬೇಡಿ. ಆಗಸ್ಟ್ 1ಕ್ಕೆ ನಿಮ್ಮ ಬಲೆ ಇಳಿಯುವುದು ಅದೇ ನೀರಿಗೆ.